ಸೀಟು ಖಾಲಿಯಾದರೆ ಮಾತ್ರ ಕೆರೆ ತುಂಬಬೇಕಾ? ಉಪಚುನಾವಣೆ ಉಸ್ತುವಾರಿಗಳಿಗೆ ಶಿರಾದಿಂದ ಒಂದು ಬಹಿರಂಗ ಪತ್ರ

ಮೂರೂ ಪಕ್ಷಗಳ ಉಪಚುನಾವಣೆ ಉಸ್ತುವಾರಿಗಳಿಗೆ,

ನಮಸ್ಕಾರ. ಹೆಸರು ಹಾಕಿ ಬರೆಯುತ್ತಿಲ್ಲ. ಒಂದೊಂದು ಉಪಚುನಾವಣೆಗೆ ಒಬ್ಬೊಬ್ಬರು ಬರುತ್ತೀರಿ. ಮುಂದಿನದಕ್ಕೆ ಬರುವವರು ಯಾರು ಅಂತ ನಿಮಗೇ ಇನ್ನೂ ಗೊತ್ತಿರಲಾರದು. ಅದು ಯಾವ ತಾಲ್ಲೂಕಿಗೆ ಬರುತ್ತೋ ಅದೂ ಗೊತ್ತಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಎಲ್ಲಿಗೆ ಬಂದರೂ ನೀವು ಮಾಡುವುದು ಒಂದೇ ರೀತಿ. ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ. ಚುನಾವಣೆ ಘೋಷಣೆ ಆದ ಮೇಲೆ ಬರೆದರೆ ಯಾವ ಪಕ್ಷದವನು ಬರೆಸಿದ್ದು ಅಂತ ಹುಡುಕುತ್ತೀರಿ.

ನಾನು ಶಿರಾದಲ್ಲಿ ಶಾಮಿಯಾನ, ಕುರ್ಚಿ, ಮೈಕ್‌ಸೆಟ್ ಬಾಡಿಗೆಗೆ ಕೊಡುವವನು. ಮದುವೆ, ತಿಥಿ, ಗೃಹಪ್ರವೇಶ, ಜಾತ್ರೆ ನನ್ನ ಮಾಮೂಲಿ ಕೆಲಸ. ಚುನಾವಣೆ ಬಂದಾಗ ನಿಮ್ಮ ಕೆಲಸ. ಮೂರೂ ಪಕ್ಷದವರು ಕೂರುವುದು ಅದೇ ಕುರ್ಚಿಯ ಮೇಲೆ. ಬ್ಯಾನರ್ ಮಾತ್ರ ಬೇರೆ. ಹಾಗಾಗಿ ನನಗೆ ಯಾರ ಮೇಲೂ ವಿಶೇಷ ಸಿಟ್ಟಿಲ್ಲ. ವಿಶೇಷ ಪ್ರೀತಿಯೂ ಇಲ್ಲ. ವೇದಿಕೆ ಹಿಂದೆ ವೈರು ಹಿಡಿದು ನಿಂತವನಿಗೆ ಎಲ್ಲರ ಭಾಷಣವೂ ಪೂರ್ತಿ ಕೇಳಿಸುತ್ತದೆ ನೋಡಿ. ಜನ ಮಧ್ಯದಲ್ಲಿ ಎದ್ದು ಹೋಗಬಹುದು. ನಾನು ಹೋಗುವ ಹಾಗಿಲ್ಲ.

ನನ್ನ ಪ್ರಶ್ನೆ ಒಂದೇ. ನಮ್ಮ ಶಾಸಕರು ತೀರಿಕೊಂಡರೆ, ಇಲ್ಲವೇ ಪಕ್ಷ ಬಿಟ್ಟರೆ ಮಾತ್ರ ನಮ್ಮ ಕೆರೆಗೆ ನೀರು ಬರಬೇಕಾ?

2020ರದ್ದನ್ನೇ ತೆಗೆದುಕೊಳ್ಳೋಣ. ಜೆಡಿಎಸ್‌ನ ಬಿ. ಸತ್ಯನಾರಾಯಣ ಅವರು ಆ ವರ್ಷದ ಆಗಸ್ಟ್‌ನಲ್ಲಿ ತೀರಿಕೊಂಡರು. ಸೀಟು ಖಾಲಿಯಾದ ಆರು ತಿಂಗಳೊಳಗೆ ಚುನಾವಣೆ ಮಾಡಬೇಕು ಅಂತ ಜನಪ್ರಾತಿನಿಧ್ಯ ಕಾಯ್ದೆಯ 151ಎ ಕಲಂ ಹೇಳುತ್ತದೆ. ಉಳಿದ ಅವಧಿ ಒಂದು ವರ್ಷಕ್ಕಿಂತ ಕಮ್ಮಿ ಇದ್ದರೆ ಬೇಕಿಲ್ಲ. ನಮ್ಮಲ್ಲಿ ಎರಡೂವರೆ ವರ್ಷ ಬಾಕಿ ಇತ್ತು. ನವೆಂಬರ್ 3ಕ್ಕೆ ಮತದಾನ, 10ಕ್ಕೆ ಎಣಿಕೆ ಅಂತ ಗೊತ್ತಾಯಿತು. ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲೂ ಅದೇ ದಿನ.

ಆಮೇಲಿನ ಒಂದು ತಿಂಗಳು ಶಿರಾ ಶಿರಾ ಆಗಿ ಇರಲಿಲ್ಲ. ಮಂತ್ರಿಗಳನ್ನು ಟೀವಿಯಲ್ಲಿ ಮಾತ್ರ ನೋಡಿದ್ದವರ ಬೀದಿಗೆ ದಿನಕ್ಕೊಬ್ಬರು ಮಂತ್ರಿ ಬಂದರು. ಶಾಸಕರು, ಸಂಸದರು, ಮಾಜಿಗಳು, ಆಗಲಿರುವವರು, ಎಲ್ಲರೂ ಬಂದರು. ಊರಲ್ಲಿ ಲಾಡ್ಜ್ ಸಿಗಲಿಲ್ಲ. ಮನೆ ಬಾಡಿಗೆಗೆ ಹಿಡಿದರು. ಹೋಬಳಿಗೊಬ್ಬ ಉಸ್ತುವಾರಿ, ಪಂಚಾಯಿತಿಗೊಬ್ಬ, ಬೂತಿಗೊಬ್ಬ. ಹುಲಿಕುಂಟೆ, ಬುಕ್ಕಾಪಟ್ಟಣ, ಗೌಡಗೆರೆ ಅಂತ ಬೆಂಗಳೂರಿನ ಹುಡುಗರು ನಕ್ಷೆ ಹಿಡಿದು ಓಡಾಡಿದರು. ಯಾವ ಗೊಲ್ಲರಹಟ್ಟಿಯಲ್ಲಿ ಎಷ್ಟು ಮನೆ, ಯಾವ ಮನೆಯಲ್ಲಿ ಎಷ್ಟು ಓಟು ಅಂತ ನಮ್ಮ ಗ್ರಾಮ ಲೆಕ್ಕಿಗರಿಗಿಂತ ನಿಮಗೇ ಚೆನ್ನಾಗಿ ಗೊತ್ತಾಗಿತ್ತು. ಅದೇ ಹಟ್ಟಿಗೆ ಬೋರ್‌ವೆಲ್ ಕೆಟ್ಟಾಗ ದಾರಿ ಗೊತ್ತಾಗಲ್ಲ.

ಎಲ್ಲರ ಭಾಷಣದಲ್ಲೂ ಒಂದು ಹೆಸರು ಇದ್ದೇ ಇರುತ್ತಿತ್ತು. ಮದಲೂರು ಕೆರೆ.

ಹೊರಗಿನವರಿಗೆ ಅದು ಒಂದು ಕೆರೆ ಅಷ್ಟೇ. ನಮಗೆ ಅದು ಚುನಾವಣೆ ಗೆಲ್ಲಿಸುವ, ಸೋಲಿಸುವ ಕೆರೆ. ಗೊರೂರಿನ ಹೇಮಾವತಿ ನೀರು ನಾಲೆಯಲ್ಲಿ ತುಮಕೂರು ಜಿಲ್ಲೆಗೆ ಬಂದು, ಕಳ್ಳಂಬೆಳ್ಳ ಕೆರೆ ತುಂಬಿ, ಶಿರಾ ದೊಡ್ಡ ಕೆರೆಗೆ ಬಂದು, ಅಲ್ಲಿಂದ ಮುಂದೆ ಮದಲೂರಿಗೆ ಹೋಗಬೇಕು. ಹಾದಿಯಲ್ಲಿ ಎಷ್ಟು ಊರು, ಎಷ್ಟು ಮೋಟಾರು! ನಾಲೆಯ ಕೊನೆಯಲ್ಲಿ ಇರುವವನಿಗೆ ನೀರು ಬರುವುದು ಮೇಲಿನವನಿಗೆ ಸಾಕಾದ ಮೇಲೆ. ಮೇಲಿನವನಿಗೆ ಯಾವತ್ತೂ ಸಾಕಾಗಲ್ಲ. ಕಾಲುವೆ ಮಾಡಿಸಿದವರು ನಾವು ಅಂತ ಒಬ್ಬರು ಹೇಳಿದರು. ನೀರು ಬಿಡಿಸುವವರು ನಾವು ಅಂತ ಇನ್ನೊಬ್ಬರು ಹೇಳಿದರು. ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಪ್ರಚಾರಕ್ಕೆ ಬಂದು, ಆರು ತಿಂಗಳಲ್ಲಿ ಮದಲೂರು ಕೆರೆಗೆ ನೀರು ತುಂಬಿಸುತ್ತೇವೆ ಅಂತ ಮಾತು ಕೊಟ್ಟರು. ಜನ ಅದನ್ನು ನಂಬಿದರು. ನಂಬಿದ್ದು ತಪ್ಪು ಅಂತ ನಾನು ಹೇಳಲ್ಲ. ಬಿಜೆಪಿಯ ಡಾ. ಸಿ.ಎಂ. ರಾಜೇಶ್ ಗೌಡರು ಸುಮಾರು 13 ಸಾವಿರ ಮತಗಳಿಂದ ಗೆದ್ದರು. ಶಿರಾದಲ್ಲಿ ಆ ಪಕ್ಷ ಗೆದ್ದಿದ್ದು ಅದೇ ಮೊದಲು. ಕಾಂಗ್ರೆಸ್ಸಿನ ಟಿ.ಬಿ. ಜಯಚಂದ್ರ ಎರಡನೆಯವರಾದರು. ತೀರಿಕೊಂಡ ಶಾಸಕರ ಪತ್ನಿ ಅಮ್ಮಾಜಮ್ಮನವರು ಮೂರನೆಯವರಾದರು.

ಫಲಿತಾಂಶ ಬಂದ ಮೇಲೆ ಮದಲೂರಿನ ಕಡೆ ನೀರು ಹರಿಯಿತು ಕೂಡ. ಇಲ್ಲ ಅಂದರೆ ನಾಲಿಗೆ ಹುಳ ಬೀಳುತ್ತೆ. ಆದರೆ ಮರುವರ್ಷ ಏನಾಯಿತು? ಮದಲೂರಿಗೆ ಹೇಮಾವತಿಯಲ್ಲಿ ಹಂಚಿಕೆ ಉಂಟಾ, ಇಲ್ವಾ ಅನ್ನೋ ವಾದ ಶುರುವಾಯಿತು. ಅಧಿಕಾರದಲ್ಲಿ ಇದ್ದವರ ನಡುವೆಯೇ ಆ ವಾದ ನಡೆಯಿತು. ನಾವು ಪತ್ರಿಕೆ ಓದಿಕೊಂಡು ಕೂತೆವು. ಹಂಚಿಕೆ ಇದ್ದರೆ ಅದಕ್ಕೆ ಉಪಚುನಾವಣೆ ಯಾಕೆ ಬೇಕಿತ್ತು? ಇಲ್ಲದಿದ್ದರೆ ವೇದಿಕೆ ಮೇಲೆ ಮಾತು ಕೊಟ್ಟಿದ್ದು ಯಾವ ಧೈರ್ಯದ ಮೇಲೆ? ಇದಕ್ಕೆ ಉತ್ತರ ಕೊಡದೆ ನೀವೆಲ್ಲ ಮುಂದಿನ ಕ್ಷೇತ್ರಕ್ಕೆ ಹೊರಟುಹೋದಿರಿ. 2023ರಲ್ಲಿ ಶಿರಾದವರು ಜಯಚಂದ್ರ ಅವರನ್ನು ಗೆಲ್ಲಿಸಿದರು. ಕೆರೆ ಅಲ್ಲೇ ಇದೆ.

ಒಂದೇ ಪಕ್ಷಕ್ಕೆ ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಯಾರು ಅಧಿಕಾರದಲ್ಲಿ ಇರುತ್ತಾರೋ ಅವರದ್ದು ಇದೇ ರಾಗ. 'ನಮ್ಮ ಸರ್ಕಾರ ಇದೆ, ನಮ್ಮವರನ್ನೇ ಗೆಲ್ಲಿಸಿ, ಕೆಲಸ ಆಗುತ್ತೆ.' ಈ ಮಾತನ್ನು ತಿರುವಿ ಹಾಕಿ ನೋಡಿ. ಗೆಲ್ಲಿಸದಿದ್ದರೆ ಆಗಲ್ಲ ಅಂತ ತಾನೇ? ಇದನ್ನು ಭರವಸೆ ಅಂತ ಕರೆಯಬೇಕೋ ಬೆದರಿಕೆ ಅಂತ ಕರೆಯಬೇಕೋ ನೀವೇ ಹೇಳಿ. ನಾಲೆಯಲ್ಲಿ ಹರಿಯುವುದು ಪಕ್ಷದ ನೀರಲ್ಲ. ವಿರೋಧ ಪಕ್ಷದ ಶಾಸಕ ಇರುವ ಊರಲ್ಲೂ ಜನ ಬಾಯಾರುತ್ತಾರೆ. ದಾಳಿಂಬೆ, ಅಡಿಕೆ ಒಣಗುವಾಗ ಯಾರಿಗೆ ಓಟು ಹಾಕಿದೆ ಅಂತ ಮರ ಕೇಳಲ್ಲ.

ಸಾರ್ವತ್ರಿಕ ಚುನಾವಣೆಯಲ್ಲಿ ಈ ಮಾತಿಗೆ ಇಷ್ಟು ಬಲ ಇಲ್ಲ. ಯಾವ ಸರ್ಕಾರ ಬರುತ್ತೆ ಅಂತ ಆಗ ಯಾರಿಗೂ ಗೊತ್ತಿರಲ್ಲ. ಉಪಚುನಾವಣೆಯಲ್ಲಿ ಸರ್ಕಾರ ಆಗಲೇ ಕೂತಿರುತ್ತದೆ. ನಾವು ಸರ್ಕಾರ ಆರಿಸುತ್ತಿಲ್ಲ, ಒಬ್ಬ ಶಾಸಕರನ್ನು ಆರಿಸುತ್ತಿದ್ದೇವೆ. ಆ ಶಾಸಕ ನಮ್ಮ ಪರವಾಗಿ ಸರ್ಕಾರವನ್ನು ಪ್ರಶ್ನೆ ಕೇಳಬೇಕು. ನೀವು ಮಾಡಿಸುವುದು ಉಲ್ಟಾ. ಸರ್ಕಾರದ ಪರವಾಗಿ ನಮ್ಮನ್ನು ಓಟು ಕೇಳುವವರನ್ನು ಆರಿಸಿ ಅಂತೀರಿ.

ಚಿಕ್ಕಬಳ್ಳಾಪುರದ್ದು ಇನ್ನೊಂದು ಕಥೆ. ಅಲ್ಲಿ ಯಾರೂ ಸತ್ತಿರಲಿಲ್ಲ. 2019ರ ಜುಲೈನಲ್ಲಿ ಮೈತ್ರಿ ಸರ್ಕಾರ ಬಿದ್ದಾಗ ರಾಜೀನಾಮೆ ಕೊಟ್ಟವರಲ್ಲಿ ಅಲ್ಲಿನ ಕಾಂಗ್ರೆಸ್ ಶಾಸಕ ಡಾ. ಕೆ. ಸುಧಾಕರ್ ಒಬ್ಬರು. ಆಗಿನ ಸ್ಪೀಕರ್ ರಮೇಶ್ ಕುಮಾರ್, ಅವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದವರು, ಒಟ್ಟು 17 ಶಾಸಕರನ್ನು ಅನರ್ಹ ಮಾಡಿದರು. ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಅಂದಿತು. ಆದರೆ ಮತ್ತೆ ಸ್ಪರ್ಧೆ ಮಾಡಬಹುದು ಅಂತಲೂ ಹೇಳಿತು. ಡಿಸೆಂಬರ್ 5ಕ್ಕೆ 15 ಕ್ಷೇತ್ರದಲ್ಲಿ ಮತದಾನ. ಚಿಕ್ಕಬಳ್ಳಾಪುರದ ಜನ ಒಂದೂವರೆ ವರ್ಷದ ಹಿಂದೆ ಕೈ ಗುರುತಿಗೆ ಹಾಕಿ ಗೆಲ್ಲಿಸಿದವರನ್ನೇ ಈ ಸಾರಿ ಕಮಲಕ್ಕೆ ಹಾಕಿ ಗೆಲ್ಲಿಸಿದರು. ಅದು ಅವರ ಇಷ್ಟ, ಅದನ್ನು ಪ್ರಶ್ನಿಸಲು ನಾನ್ಯಾರು?

ಅಲ್ಲಿ ಪ್ರಚಾರದ ಮುಖ್ಯ ಮಾತು ಮೆಡಿಕಲ್ ಕಾಲೇಜು. ಕನಕಪುರಕ್ಕೆ ಹೋಗಬೇಕಿದ್ದ ಕಾಲೇಜು ಚಿಕ್ಕಬಳ್ಳಾಪುರಕ್ಕೆ ಬಂತು ಅಂತ ಡಿ.ಕೆ. ಶಿವಕುಮಾರ್ ಗಲಾಟೆ ಮಾಡಿದ್ದು ನೆನಪಿರಬೇಕು. ಸುಧಾಕರ್ ಗೆದ್ದರು, 2020ರ ಫೆಬ್ರುವರಿಯಲ್ಲಿ ವೈದ್ಯಕೀಯ ಶಿಕ್ಷಣ ಸಚಿವರೂ ಆದರು. ಕಾಲೇಜು ಶುರುವಾಯಿತು. ಇದನ್ನು ಒಪ್ಪಿಕೊಳ್ಳದೆ ಇರೋಕಾಗಲ್ಲ. ನಮ್ಮ ಕಡೆಯ ಹುಡುಗರು ಚಹಾ ಅಂಗಡಿಯಲ್ಲಿ ತಮಾಷೆಗೆ ಹೇಳುತ್ತಾರೆ: 'ನಮ್ಮ ಎಮ್ಮೆಲ್ಲೆನೂ ಒಂದು ಸಲ ರಾಜೀನಾಮೆ ಕೊಡ್ಲಿ ಬಿಡಣ್ಣ, ರೋಡಾದ್ರೂ ಆಗುತ್ತೆ.' ನಗು ಬರುತ್ತೆ ನಿಜ. ಆದರೆ ಜನ ಹೀಗೆ ಯೋಚನೆ ಮಾಡುವ ಹಾಗೆ ಮಾಡಿದ್ದು ಯಾರು? ಆಸ್ಪತ್ರೆ ಬೇಕಾದ ಜಿಲ್ಲೆಗೆ ಆಸ್ಪತ್ರೆ ಸಿಗಬೇಕು. ಅದಕ್ಕೆ ಶಾಸಕರು ಪಕ್ಷ ಬಿಟ್ಟು ಪಕ್ಷಕ್ಕೆ ಹೋಗುವುದು ಅರ್ಹತೆ ಆಗಬಾರದು. ಬಾಗೇಪಲ್ಲಿಯ ಶಾಸಕರು ಎಲ್ಲೂ ಹಾರಲಿಲ್ಲ ಅಂತ ಬಾಗೇಪಲ್ಲಿಯವರು ಏನು ತಪ್ಪು ಮಾಡಿದರು?

ನಿಗಮಗಳ ವಿಷಯವೂ ಇದೇ. ಶಿರಾ ಉಪಚುನಾವಣೆಯ ಹೊತ್ತಿಗೇ ಕಾಡುಗೊಲ್ಲರ ಅಭಿವೃದ್ಧಿ ನಿಗಮದ ಘೋಷಣೆ ಆಯಿತು. ಅದು ಮುಗಿದು ನವೆಂಬರ್ ಮಧ್ಯದಲ್ಲಿ ಮರಾಠಾ ಅಭಿವೃದ್ಧಿ ಪ್ರಾಧಿಕಾರ ಅಂದರು. ಬಸವಕಲ್ಯಾಣದಲ್ಲಿ ಸೀಟು ಖಾಲಿ ಇತ್ತು, ಅಲ್ಲಿ ಮರಾಠರು ಜಾಸ್ತಿ. ಕಾಡುಗೊಲ್ಲರು ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ಕೇಳುತ್ತಾ ಎಷ್ಟೋ ವರ್ಷ ಆಯಿತು. ಕುರಿ ಮೇಯಿಸಿಕೊಂಡು ಹಟ್ಟಿಯಲ್ಲಿ ಇರುವ ಜನ. ಅವರು ಕೇಳಿದ್ದು ಒಂದು, ನೀವು ಕೊಟ್ಟಿದ್ದು ಇನ್ನೊಂದು. ಕೊಟ್ಟಿದ್ದೂ ಓಟಿನ ದಿನ ಹತ್ತಿರ ಬಂದಾಗ.

ಈಗ ನನ್ನ ಕಸುಬಿನ ಒಳಗಿನ ಮಾತು ಸ್ವಲ್ಪ ಹೇಳುತ್ತೇನೆ. ಓದುವವರಿಗೆ ಇದು ಗೊತ್ತಿರಲಿ.

ಅಭ್ಯರ್ಥಿ ಎಷ್ಟು ಖರ್ಚು ಮಾಡಬಹುದು ಅನ್ನುವುದಕ್ಕೆ ಮಿತಿ ಇದೆ. ವಿಧಾನಸಭೆಗೆ 28 ಲಕ್ಷ ಇತ್ತು. 2020ರ ಅಕ್ಟೋಬರ್‌ನಲ್ಲಿ, ನಮ್ಮ ಉಪಚುನಾವಣೆ ನಡೆಯುತ್ತಿದ್ದಾಗಲೇ, ಕೊರೊನಾ ಕಾರಣಕ್ಕೆ 30.80 ಲಕ್ಷ ಮಾಡಿದರು. 2022ರಿಂದ 40 ಲಕ್ಷ. ಜಿಲ್ಲಾ ಚುನಾವಣಾಧಿಕಾರಿಗಳು ದರಪಟ್ಟಿ ಮಾಡುತ್ತಾರೆ. ಒಂದು ಕುರ್ಚಿಗೆ ಇಷ್ಟು, ಒಂದು ಶಾಮಿಯಾನಕ್ಕೆ ಇಷ್ಟು, ಊಟಕ್ಕೆ, ಕಾಫಿಗೆ, ಜೀಪಿಗೆ ಇಷ್ಟಿಷ್ಟು. ಸಭೆಗೆ ವಿಡಿಯೋ ತಂಡ ಬರುತ್ತದೆ. ಆಮೇಲೆ ಕಚೇರಿಯಲ್ಲಿ ಕೂತು ವಿಡಿಯೋ ನೋಡಿ ಕುರ್ಚಿ ಎಣಿಸುತ್ತಾರೆ. ಅಭ್ಯರ್ಥಿ ಕೊಟ್ಟ ಲೆಕ್ಕಕ್ಕೂ ಇವರು ಎಣಿಸಿದ ಲೆಕ್ಕಕ್ಕೂ ತಾಳೆ ಹಾಕುತ್ತಾರೆ. ವ್ಯವಸ್ಥೆ ಚೆನ್ನಾಗಿಯೇ ಇದೆ.

ತೂತು ಎಲ್ಲಿದೆ ಅಂದರೆ, ಮಿತಿ ಇರುವುದು ಅಭ್ಯರ್ಥಿಗೆ. ಪಕ್ಷಕ್ಕೆ ಇಲ್ಲ. ತಾರಾ ಪ್ರಚಾರಕರ ಓಡಾಟದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬರಲ್ಲ. ಸಾಮಾನ್ಯವಾಗಿ ದೊಡ್ಡ ಪಕ್ಷಕ್ಕೆ 40 ಜನ ತಾರಾ ಪ್ರಚಾರಕರು ಇರಬಹುದು. ಕೊರೊನಾ ಅಂತ ಆ ವರ್ಷ 30ಕ್ಕೆ ಇಳಿಸಿದ್ದರು. ಒಂದು ತಾಲ್ಲೂಕಿಗೆ 30 ಜನ ತಾರೆಗಳು! ಅಷ್ಟು ನಕ್ಷತ್ರ ಅಮಾವಾಸ್ಯೆ ದಿನವೂ ಕಾಣಿಸಲ್ಲ. ತಾರಾ ಪ್ರಚಾರಕರ ಜೊತೆ ಅಭ್ಯರ್ಥಿ ವೇದಿಕೆ ಹಂಚಿಕೊಂಡರೆ ಆ ಸಭೆಯ ಖರ್ಚಿನಲ್ಲಿ ಅಭ್ಯರ್ಥಿಗೂ ಪಾಲು ಬೀಳುತ್ತದೆ. ಹಾಗಾಗಿ ಯಾರು ಯಾವಾಗ ಮೆಟ್ಟಿಲು ಹತ್ತಬೇಕು ಅನ್ನುವುದರ ಮೇಲೂ ಚರ್ಚೆ ನಡೆಯುತ್ತದೆ. ನಾನು ಮೆಟ್ಟಿಲು ಜೋಡಿಸುವವನು, ನನಗೆ ಕೇಳಿಸುತ್ತದೆ.

'ಹಾಕೋದು ಸಾವಿರ ಹಾಕಪ್ಪ, ಬಿಲ್ಲು ಮುನ್ನೂರಕ್ಕೆ ಕೊಡು' ಅಂತ ಕೇಳುವವರು ಇದ್ದಾರೆ. ನಾನು ಏನು ಹೇಳಿದೆ ಅಂತ ಇಲ್ಲಿ ಬರೆಯಲ್ಲ. ಬಾಡಿಗೆ ಬಾಕಿ ವಿಷಯ ಮಾತ್ರ ಬರೆಯುತ್ತೇನೆ. ಅಡ್ವಾನ್ಸ್ ಚೆನ್ನಾಗಿಯೇ ಕೊಡುತ್ತೀರಿ. ಉಳಿದದ್ದು ಮತ ಎಣಿಕೆ ಆದ ಮೇಲೆ ಅಂತೀರಿ. ಸೋತವರು ಫೋನ್ ಎತ್ತಲ್ಲ. ಗೆದ್ದವರು ಬೆಂಗಳೂರಿನಲ್ಲಿ ಇರುತ್ತಾರೆ. ಉಸ್ತುವಾರಿಗಳು ಬೇರೆ ಜಿಲ್ಲೆಯವರು, ಅವರ ಊರಿಗೆ ಹುಡುಕಿಕೊಂಡು ಹೋಗೋಕಾಗುತ್ತಾ? ಯಾವ ಪಕ್ಷದವರು ನನಗೆ ಎಷ್ಟು ಕೊಡಬೇಕು ಅಂತ ಹೇಳಿ ಮರ್ಯಾದೆ ತೆಗೆಯಲ್ಲ. ಕೊಡಬೇಕಾದವರಿಗೆ ಗೊತ್ತಿದೆ. ನನ್ನ ಹಾಗೆ ಟಿಫಿನ್ ಕೊಟ್ಟವರು, ಆಟೋಗೆ ಮೈಕ್ ಕಟ್ಟಿದವರು, ಫ್ಲೆಕ್ಸ್ ಕಟ್ಟಿದ ಹುಡುಗರು ಇನ್ನೂ ಇದ್ದಾರೆ. ಮುಂದೆ ನಮ್ಮಲ್ಲಿ ಪೂರ್ತಿ ದುಡ್ಡು ಮುಂಗಡ. ಮಾತುಕತೆ ಇಲ್ಲ.

ದುಡ್ಡಿನ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳಿಬಿಡುತ್ತೇನೆ. ಶಿರಾದ ಕುರಿ ಸಂತೆ ದೊಡ್ಡದು. ವ್ಯಾಪಾರ ಎಲ್ಲ ನಗದು. ಕುರಿ ಮಾರಿದವನಿಗೆ ಯಾರು ಬಿಲ್ ಕೊಡುತ್ತಾರೆ? ನೀತಿ ಸಂಹಿತೆ ಬಂದ ಕೂಡಲೇ ಹೆದ್ದಾರಿಯಲ್ಲಿ ಚೆಕ್‌ಪೋಸ್ಟ್. 50,000 ರೂಪಾಯಿಗಿಂತ ಜಾಸ್ತಿ ಇದ್ದರೆ ದಾಖಲೆ ತೋರಿಸು ಅಂತಾರೆ. ಹತ್ತು ಕುರಿ ಮಾರಿದರೆ ಅಷ್ಟಾಗುತ್ತದೆ. ಮಗಳ ಮದುವೆಗೋ ಬೋರ್‌ವೆಲ್‌ಗೋ ಇಟ್ಟುಕೊಂಡ ದುಡ್ಡು ಅಲ್ಲಿ ನಿಲ್ಲುತ್ತದೆ. ಬಿಡಿಸಿಕೊಳ್ಳಲು ಜಿಲ್ಲಾ ಪಂಚಾಯಿತಿ ಸಿಇಒ ಇರುವ ಸಮಿತಿಯ ಮುಂದೆ ಅರ್ಜಿ ಕೊಡಬೇಕು. ಅದಕ್ಕೆ ದಾರಿ ಇದೆ ಅಂತಲೇ ಎಷ್ಟೋ ಕುರಿಗಾಹಿಗಳಿಗೆ ಗೊತ್ತಿಲ್ಲ. ನಿಮ್ಮ ದುಡ್ಡು ಮಾತ್ರ ಅದೇ ಹೆದ್ದಾರಿಯಲ್ಲಿ, ಅದೇ ಚೆಕ್‌ಪೋಸ್ಟ್ ದಾಟಿ, ಮತದಾನದ ಹಿಂದಿನ ರಾತ್ರಿ ಮನೆ ಮನೆಗೆ ತಲುಪುತ್ತದೆ. ಓಟಿಗೆ ದುಡ್ಡು ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ, ಒಂದು ವರ್ಷ ಜೈಲು ಅಂತ ಗೋಡೆ ಮೇಲೆ ಬರೆದಿರುತ್ತಾರೆ. ಗೋಡೆಯ ಪಕ್ಕದಲ್ಲೇ ಹಂಚುತ್ತಾರೆ. ತೆಗೆದುಕೊಂಡವರ ತಪ್ಪೂ ಇದೆ, ನಾನು ನಮ್ಮ ಜನರನ್ನು ಬಿಟ್ಟುಕೊಡಲ್ಲ, ಆದರೆ ಕಾಪಾಡುವುದೂ ಇಲ್ಲ.

ಇನ್ನು ಕೂಲಿ. ನವೆಂಬರ್ ಅಂದರೆ ನಮ್ಮಲ್ಲಿ ಕಡಲೆಕಾಯಿ ಕೀಳುವ ಕಾಲ, ಅದರ ಹಿಂದೆಯೇ ರಾಗಿ ಕೊಯ್ಲು. ಕಡಲೆಕಾಯಿ ಬಲಿತ ಮೇಲೆ ತಡ ಮಾಡಿದರೆ ಭೂಮಿ ಗಟ್ಟಿಯಾಗಿ ಗಿಡ ಮಾತ್ರ ಕೈಗೆ ಬರುತ್ತದೆ, ಕಾಯಿ ಒಳಗೇ ಉಳಿಯುತ್ತದೆ. ಆಮೇಲೆ ಮಳೆ ಬಂದರೆ ಅಲ್ಲೇ ಮೊಳಕೆ. ಅಂಥಾ ಹೊತ್ತಲ್ಲಿ ನೀವು ಬಂದು ಸಭೆಗೆ, ರ‍್ಯಾಲಿಗೆ, ಬಾವುಟ ಹಿಡಿಯೋಕೆ ಅಂತ ಹೊಲದ ಕೂಲಿಗಿಂತ ಜಾಸ್ತಿ ಕೊಟ್ಟು, ಮೇಲೆ ಬಿರಿಯಾನಿ ಕೊಟ್ಟು ಕರೆದುಕೊಂಡು ಹೋದರೆ ಹೊಲಕ್ಕೆ ಯಾರು ಬರುತ್ತಾರೆ? ಕೂಲಿಯವರನ್ನು ನಾನು ದೂರುತ್ತಿಲ್ಲ. ಬಗ್ಗಿ ಕಾಯಿ ಕೀಳುವುದಕ್ಕಿಂತ ನೆರಳಲ್ಲಿ ಕೂತು ಚಪ್ಪಾಳೆ ಹೊಡೆಯುವುದು ಸುಲಭ. ನೆರಳು ನನ್ನದೇ ಶಾಮಿಯಾನದ್ದು. ಎರಡು ಎಕರೆ ಕಡಲೆಕಾಯಿ ಇಟ್ಟ ಸಣ್ಣ ರೈತನ ಲೆಕ್ಕ ನಿಮ್ಮ ಯಾವ ಖರ್ಚಿನ ಪಟ್ಟಿಯಲ್ಲೂ ಬರಲ್ಲ ಅಂತ ಹೇಳುತ್ತಿದ್ದೇನೆ ಅಷ್ಟೇ.

ನೀರಿನ ಮಾತಿಗೆ ವಾಪಸ್ ಬರುತ್ತೇನೆ, ಏಕೆಂದರೆ ಈ ಮೂರೂ ಜಿಲ್ಲೆಯಲ್ಲಿ ಎಲ್ಲ ಚುನಾವಣೆಯೂ ಕೊನೆಗೆ ನೀರಿನ ಚುನಾವಣೆಯೇ. ಪಶ್ಚಿಮ ಘಟ್ಟದ ನೀರನ್ನು ನಮ್ಮ ಕಡೆಗೆ ತರುವ ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆ ಮಾಡಿದ್ದು 2014ರ ಮಾರ್ಚ್‌ನಲ್ಲಿ, ಚಿಕ್ಕಬಳ್ಳಾಪುರದಲ್ಲಿ. ಲೋಕಸಭೆ ಚುನಾವಣೆ ಬಾಗಿಲಲ್ಲಿ ಇತ್ತು. ಮೊದಲ ಹಂತದ ಉದ್ಘಾಟನೆ ಆಗಿದ್ದು 2024ರ ಸೆಪ್ಟೆಂಬರ್‌ನಲ್ಲಿ, ಸಕಲೇಶಪುರದ ಹತ್ತಿರ. 8,323 ಕೋಟಿ ಅಂತ ಹೊರಟ ಯೋಜನೆ 23,251 ಕೋಟಿಗೆ ಬಂದು ನಿಂತಿತು. ಸುಮಾರು 24 ಟಿಎಂಸಿ ನೀರು ಅಂತ ಲೆಕ್ಕ. ಕೋಲಾರದವರಿಗೆ ಅದಕ್ಕೂ ಮುಂಚೆ, 2018ರಲ್ಲಿ, ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿಯಿಂದ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಲಕ್ಷ್ಮೀಸಾಗರ ಕೆರೆಗೆ ಬಂತು. ಅದರ ಗುಣಮಟ್ಟದ ಮೇಲೆ ಕೋರ್ಟಿನವರೆಗೂ ಜಗಳ ಹೋಯಿತು. ಇವೆಲ್ಲ ದೊಡ್ಡ ಕೆಲಸ. ಹತ್ತು ವರ್ಷ, ಹದಿನೈದು ವರ್ಷ ಹಿಡಿಯುತ್ತದೆ. ನಮಗೆ ಅದು ಅರ್ಥ ಆಗುತ್ತದೆ. ನೀವು ಮಾತ್ರ ಮೈಕ್ ಮುಂದೆ ಆರು ತಿಂಗಳು ಅಂತೀರಿ.

ಇನ್ನೊಂದು ವಿಷಯವನ್ನು ನೀವು ಯಾವತ್ತೂ ಹೇಳಲ್ಲ. ಒಂದು ಕೆರೆಗೆ ನೀರು ಕೊಡುವುದು ಅಂದರೆ ಇನ್ನೊಂದು ಕಡೆಯಿಂದ ತೆಗೆಯುವುದು. 2025ರಲ್ಲಿ ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿರುದ್ಧ ಗುಬ್ಬಿ ಕಡೆಯ ರೈತರು ಬೀದಿಗೆ ಇಳಿದಿದ್ದು ನೋಡಿದ್ದೀರಲ್ಲ? ಕುಣಿಗಲ್ಲಿಗೆ, ಮಾಗಡಿಗೆ ನೀರು ಹೋದರೆ ನಮಗೆ ಏನು ಉಳಿಯುತ್ತೆ ಅಂತ ಅವರ ಪ್ರಶ್ನೆ. ಮದಲೂರಿಗೆ ಬಿಡುತ್ತೇವೆ ಅಂತ ಶಿರಾದಲ್ಲಿ ಹೇಳುವಾಗ, ಅದೇ ಮಾತನ್ನು ಗುಬ್ಬಿಯಲ್ಲಿ ನಿಂತು ಹೇಳುವ ತಾಕತ್ತು ನಿಮಗೆ ಇದೆಯಾ? ಇದ್ದರೆ ಅದು ಯೋಜನೆ. ಇಲ್ಲದಿದ್ದರೆ ಸುಮ್ನೆ ಮಾತು.

ಹಾಗಾದರೆ ನಿಮ್ಮಿಂದ ಏನು ಬೇಕು ಅಂತ ಕೇಳಬಹುದು. ಜಾಸ್ತಿ ಏನೂ ಇಲ್ಲ. ಮುಂದಿನ ಸಾರಿ ಕೆರೆಯ ಹೆಸರು ಎತ್ತುವ ಮುಂಚೆ ಆ ಕೆರೆಗೆ ಹಂಚಿಕೆ ಎಷ್ಟು, ಯಾವ ಆದೇಶದಲ್ಲಿ ಇದೆ, ನೀರು ಯಾವ ನಾಲೆಯಿಂದ, ಯಾವ ತಿಂಗಳಲ್ಲಿ, ಯಾರ ಪಾಲಿನಿಂದ ಬರುತ್ತದೆ, ದುಡ್ಡು ಯಾವ ಲೆಕ್ಕದಿಂದ ಅಂತ ಒಂದು ಕಾಗದದಲ್ಲಿ ಬರೆದುಕೊಡಿ. ಇದು ನಾನು ಹೊಸದಾಗಿ ಕೇಳುತ್ತಿರುವುದಲ್ಲ. ಪ್ರಣಾಳಿಕೆಯಲ್ಲಿ ಭರವಸೆ ಕೊಟ್ಟರೆ ಅದಕ್ಕೆ ದುಡ್ಡು ಎಲ್ಲಿಂದ ತರುತ್ತೀರಿ ಅಂತ ಸ್ಥೂಲವಾಗಿಯಾದರೂ ಹೇಳಬೇಕು ಅಂತ ಚುನಾವಣಾ ಆಯೋಗದ ಮಾರ್ಗಸೂಚಿಯೇ ಇದೆ. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಂದದ್ದು. ಉಪಚುನಾವಣೆಗೆ ನೀವು ಪ್ರಣಾಳಿಕೆ ಮಾಡುವುದೇ ಅಪರೂಪ. ಎಲ್ಲ ಬಾಯಿಮಾತು. ಬಾಯಿಮಾತಿಗೆ ಲೆಕ್ಕ ಕೇಳುವವರು ಯಾರು?

ಗೆಲ್ಲುವವರಿಗೆ ಎಷ್ಟು ಸಮಯ ಇದೆ, ಎಷ್ಟು ದುಡ್ಡು ಇದೆ ಅಂತಲೂ ಹೇಳಿ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಎರಡೂವರೆ ವರ್ಷಕ್ಕೆ 5 ಕೋಟಿ. ಅದರಲ್ಲಿ ಶಾಲೆ ಕೊಠಡಿ, ಸಮುದಾಯ ಭವನ, ಒಂದಷ್ಟು ರಸ್ತೆ ಆಗುತ್ತದೆ. 'ಇಷ್ಟು ಮಾಡ್ತೀನಿ, ಇದಕ್ಕಿಂತ ಜಾಸ್ತಿ ನನ್ನ ಕೈಲಿ ಇಲ್ಲ, ಉಳಿದದ್ದನ್ನು ಸದನದಲ್ಲಿ ಎದ್ದು ನಿಂತು ಕೇಳ್ತೀನಿ' ಅಂತ ಒಬ್ಬ ಅಭ್ಯರ್ಥಿ ಹೇಳಲಿ. ಅವರು ಗೆಲ್ಲುತ್ತಾರೋ ಇಲ್ಲವೋ, ನಾನಂತೂ ಅವರ ಸಭೆಗೆ ಮೈಕ್‌ಸೆಟ್ ಬಾಡಿಗೆ ತೆಗೆದುಕೊಳ್ಳಲ್ಲ. ಆದರೆ ಅದನ್ನೂ ಅವರ ಖರ್ಚಿನ ಲೆಕ್ಕಕ್ಕೆ ಹಾಕುತ್ತಾರೆ, ಅದಿರಲಿ.

ಬೇರೆ ಊರಿನ ನಾಯಕರು ಮನೆಗೊಬ್ಬರಂತೆ ಬರುವುದನ್ನೂ ಕಮ್ಮಿ ಮಾಡಿ. ಪ್ರಚಾರ ಮುಗಿದ ಮೇಲೆ, ಮತದಾನ ಮುಗಿಯುವವರೆಗಿನ ಕೊನೆಯ 48 ಗಂಟೆ ಹೊರಗಿನವರು ಕ್ಷೇತ್ರ ಬಿಟ್ಟಿರಬೇಕು ಅಂತ ನಿಯಮ ಇದೆಯಲ್ಲ. ನಿಜ ಹೇಳಬೇಕೆಂದರೆ ಆ 48 ಗಂಟೆಯಲ್ಲೇ ನಮಗೆ ಸ್ವಲ್ಪ ಯೋಚನೆ ಮಾಡಲು ಆಗುವುದು. ಆಗ ಊರಿನವರು ಊರಿನವರ ಹತ್ತಿರ ಮಾತಾಡುತ್ತಾರೆ. ಅರಳಿಕಟ್ಟೆಯಲ್ಲಿ ಜಗಳವೂ ಆಗುತ್ತೆ. ಆದರೆ ಅದು ನಮ್ಮ ಜಗಳ. 2020ರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಜನ ಮಾಸ್ಕ್ ಹಾಕಿಕೊಂಡು ಹೋಗಿ ಓಟು ಹಾಕಿದರು. ಅದೇ ದಿನ ರಾಜರಾಜೇಶ್ವರಿ ನಗರದಲ್ಲಿ ಅರ್ಧದಷ್ಟು ಜನವೂ ಬರಲಿಲ್ಲ. ಇಷ್ಟು ಆಸಕ್ತಿ ಇರುವ ಜನಕ್ಕೆ ಬೂತಿಗೊಬ್ಬ ಹೊರಗಿನವನು ಬಂದು ಓಟು ಹಾಕುವುದನ್ನು ಕಲಿಸಬೇಕಿಲ್ಲ.

ತಾಲ್ಲೂಕಿನ ಓದುಗರಿಗೂ ಒಂದು ಮಾತು. ಇವರು ಬಂದಾಗ ಮೊಬೈಲಿನಲ್ಲಿ ಸೆಲ್ಫಿ ಬದಲು ಭಾಷಣ ರೆಕಾರ್ಡ್ ಮಾಡಿ. ಯಾವ ಊರಲ್ಲಿ, ಯಾವ ದಿನ, ಏನು ಹೇಳಿದರು ಅಂತ ಬರೆದಿಡಿ. ಗ್ರಾಮಸಭೆಯಲ್ಲಿ ಓದಿ. ದುಡ್ಡು ಹಂಚುವುದು ಕಂಡರೆ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೋ ಹಾಕಿ, 100 ನಿಮಿಷದಲ್ಲಿ ಕ್ರಮ ಅಂತ ಆಯೋಗದವರೇ ಹೇಳಿಕೊಂಡಿದ್ದಾರೆ. ಪರೀಕ್ಷೆ ಮಾಡಿಯೇ ಬಿಡೋಣ.

ಈ ಪತ್ರವನ್ನು ಮೂರೂ ಪಕ್ಷದ ಜಿಲ್ಲಾ ಕಚೇರಿಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಮದಲೂರು ಕೆರೆಗೆ ವರ್ಷಕ್ಕೆ ಎಷ್ಟು ನೀರು, ಯಾವ ಆದೇಶದ ಮೇಲೆ ಅಂತ ಒಂದು ಸಾಲು ಬರೆದು ಕಳಿಸಿ. ಈಗ ಯಾವ ಚುನಾವಣೆಯೂ ಇಲ್ಲ, ನೀತಿ ಸಂಹಿತೆಯ ಅಡ್ಡಿಯೂ ಇಲ್ಲ. ಉತ್ತರ ಬಂದರೆ ನನ್ನ ಅಂಗಡಿ ಬಾಗಿಲಿಗೆ ಅಂಟಿಸುತ್ತೇನೆ. ಬರದಿದ್ದರೆ, ಯಾವ ಪಕ್ಷದಿಂದ ಬರಲಿಲ್ಲ ಅಂತ ಬರೆದು ಅಂಟಿಸುತ್ತೇನೆ.

ಇಂತಿ,
ಶಿರಾದ ಒಬ್ಬ ಶಾಮಿಯಾನ ಅಂಗಡಿಯವನು